ಚೀಟಿ ಯಾರ ಹೆಸರಿಗೆ ಬಿತ್ತು?



ಕ್ರಿಸ್ತಜಯಂತಿಯ ರಾತ್ರಿ ಬಲಿಪೂಜೆಯಲ್ಲಿ ನಿಮ್ಮ ಮಗಳು ಗಾನವೃಂದದಿಂದ ಒಂದು ಹೆಜ್ಜೆ ಮುಂದೆ ಬಂದು ಒಬ್ಬಳೇ ಹಾಡಿದಾಗ ನಿಮ್ಮ ಕಣ್ಣು ತುಂಬುತ್ತದೆ. ಧರ್ಮಕೇಂದ್ರದ ಹಬ್ಬದ ನಾಟಕದಲ್ಲಿ ನಿಮ್ಮ ಮಗ ಹೆರೋದನ ವೇಷ ಹಾಕಿ ಹಾಡಿ ಕುಣಿದರೆ ಮನೆಮಂದಿಯೆಲ್ಲ ಮುಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟುತ್ತೀರಿ. ಅದೇ ಮಗಳು, ಅದೇ ಮಗ, ಪಿಯುಸಿ ಮುಗಿಸಿ ಒಂದು ರಾತ್ರಿ ಊಟದ ಹೊತ್ತಿನಲ್ಲಿ, "ಅಪ್ಪಾ, ನಾನು ರಂಗದ ಮೇಲೆ ಹಾಡಿ ಅಭಿನಯಿಸುವುದನ್ನೇ ವೃತ್ತಿ ಮಾಡಿಕೊಳ್ಳಬೇಕೆಂದಿದ್ದೇನೆ" ಎಂದರೆ? ಚಪ್ಪಾಳೆ ತಟ್ಟಿದ ಕೈ ಅನ್ನದ ತಟ್ಟೆಯ ಮೇಲೆಯೇ ನಿಂತುಬಿಡುತ್ತದೆ. "ಹಾಡು, ಬೇಡವೆನ್ನುವುದಿಲ್ಲ. ಆದರೆ ಹೊಟ್ಟೆಪಾಡಿಗೆ ಏನಾದರೂ ಓದು" ಎಂಬ ಮಾತು ತಾನಾಗಿ ಬರುತ್ತದೆ.

ಆ ಮಾತಿನ ಹಿಂದೆ ಎರಡು ಭಯಗಳಿವೆ. ಒಂದು, ಬಣ್ಣ ಹಚ್ಚುವವರ ಬದುಕು ಹಾದಿ ತಪ್ಪೀತು ಎಂಬ ಭಯ. ಇನ್ನೊಂದು, ಅನ್ನ ಹುಟ್ಟಲಿಕ್ಕಿಲ್ಲ ಎಂಬ ಭಯ. ಎರಡೂ ಪ್ರೀತಿಯಿಂದಲೇ ಹುಟ್ಟಿದ ಭಯಗಳು. ಆದ್ದರಿಂದ ಅವನ್ನು ಗೇಲಿ ಮಾಡದೆ, ಒಂದೊಂದಾಗಿ ಕೈಗೆತ್ತಿಕೊಂಡು ನೋಡೋಣ.

ಮುಖವಾಡ ಮತ್ತು ಮುಖ

ಮೊದಲ ಭಯ ನಮ್ಮ ಧರ್ಮಸಭೆಗೂ ಇತ್ತು. ಕ್ರಿ.ಶ. 314ರಲ್ಲಿ ಆರ್ಲ್ಸ್ ಪಟ್ಟಣದಲ್ಲಿ ಸೇರಿದ ಧರ್ಮಾಧ್ಯಕ್ಷರ ಸಭೆಯು, ನಾಟಕದವರು ಆ ಕಸುಬಿನಲ್ಲಿರುವ ತನಕ ಪರಮಪ್ರಸಾದದಿಂದ ದೂರವಿರಬೇಕೆಂದು ವಿಧಿಸಿತು. ಅಂದಿನ ರೋಮನ್ ರಂಗದ ಮೇಲೆ ನಡೆಯುತ್ತಿದ್ದ ಕ್ರೌರ್ಯ ಮತ್ತು ಅಶ್ಲೀಲತೆಗಳನ್ನು ನೆನೆದರೆ ಆ ಕಟ್ಟುನಿಟ್ಟು ಅರ್ಥವಾಗುತ್ತದೆ. ಆದರೆ ಕಾರಣ ಹೋದರೂ ಕಟ್ಟಳೆಯ ನೆರಳು ಉಳಿಯಿತು. 1673ರಲ್ಲಿ ಪ್ಯಾರಿಸ್ಸಿನಲ್ಲಿ ನಾಟಕಕಾರ, ನಟ ಮೋಲಿಯೇರ್ ತಾನೇ ಬರೆದ, ಹಾಡು ಕುಣಿತಗಳಿಂದ ತುಂಬಿದ ನಾಟಕದಲ್ಲಿ ಅಭಿನಯಿಸುತ್ತಿರುವಾಗಲೇ ಅಸ್ವಸ್ಥನಾಗಿ ಅದೇ ರಾತ್ರಿ ತೀರಿಕೊಂಡ. ನಟನೆಂಬ ಕಾರಣಕ್ಕೆ ಅವನಿಗೆ ಕ್ರೈಸ್ತ ಸಮಾಧಿಯನ್ನು ನಿರಾಕರಿಸಲಾಯಿತು. ಅವನ ಹೆಂಡತಿ ಅರಸನ ಬಳಿ ಮೊರೆಯಿಟ್ಟ ಮೇಲೆ, ರಾತ್ರಿಯ ಕತ್ತಲಲ್ಲಿ, ಸಂಭ್ರಮವಿಲ್ಲದೆ ಮಣ್ಣು ಮಾಡಲು ಒಪ್ಪಿಗೆ ಸಿಕ್ಕಿತು.

ಇದು ಒಂದು ಮಗ್ಗುಲು. ಇನ್ನೊಂದು ಮಗ್ಗುಲನ್ನೂ ನೋಡಬೇಕು. ಯುರೋಪಿನಲ್ಲಿ ಬತ್ತಿಹೋಗಿದ್ದ ನಾಟಕ ಮತ್ತೆ ಚಿಗುರಿದ್ದು ಎಲ್ಲಿ ಗೊತ್ತೇ? ದೇವಾಲಯದ ಒಳಗೆ, ಪಾಸ್ಖ ಹಬ್ಬದ ಬೆಳಗಿನಲ್ಲಿ, ಹಾಡಿನ ರೂಪದಲ್ಲಿ. ಸುಮಾರು 970ರಲ್ಲಿ ಇಂಗ್ಲೆಂಡಿನ ವಿಂಚೆಸ್ಟರ್‌ನಲ್ಲಿ ಸಿದ್ಧವಾದ ಮಠಗಳ ನಿಯಮಾವಳಿಯಲ್ಲಿ ಇದರ ವಿವರವಿದೆ. ಒಬ್ಬ ಸನ್ಯಾಸಿ ಬಿಳಿ ನಿಲುವಂಗಿ ತೊಟ್ಟು ಸಮಾಧಿಯ ಬಳಿ ದೇವದೂತನಂತೆ ಕುಳಿತುಕೊಳ್ಳಬೇಕು. ಮೂವರು ಸನ್ಯಾಸಿಗಳು ಧೂಪಾರತಿ ಹಿಡಿದು, ಏನನ್ನೋ ಹುಡುಕುವವರಂತೆ ಮೆಲ್ಲಮೆಲ್ಲನೆ ಬರಬೇಕು. ದೂತನು ಪ್ರಶ್ನೆಯನ್ನು ಹಾಡುತ್ತಾನೆ, ಅವರು ಉತ್ತರವನ್ನು ಹಾಡುತ್ತಾರೆ. ಯಾರು ಎಲ್ಲಿ ನಿಲ್ಲಬೇಕು, ಹೇಗೆ ನಡೆಯಬೇಕು, ಯಾವಾಗ ಹಾಡಬೇಕು ಎಂಬುದೆಲ್ಲ ಅಲ್ಲಿದೆ. ಇಂದಿನ ನಾಟಕದ ನಿರ್ದೇಶಕನೂ ಇದನ್ನೇ ಅಲ್ಲವೇ ಬರೆದುಕೊಳ್ಳುವುದು?

ಅದಾಗಿ ಎರಡು ಶತಮಾನ ಕಳೆಯುವಷ್ಟರಲ್ಲಿ, ಸುಮಾರು 1151ರಲ್ಲಿ, ಜರ್ಮನಿಯ ಸಂತ ಹಿಲ್ಡೆಗಾರ್ಡರು ಒಂದು ಪೂರ್ಣ ಸಂಗೀತ ನಾಟಕವನ್ನೇ ರಚಿಸಿದರು. ಅದರಲ್ಲಿ ಸದ್ಗುಣಗಳು ಹಾಡುತ್ತವೆ, ದಾರಿ ತಪ್ಪಿ ಹೋದ ಆತ್ಮ ಹಾಡುತ್ತದೆ. ಸೈತಾನನಿಗೆ ಮಾತ್ರ ಹಾಡಿಲ್ಲ. ಅವನು ಕೇವಲ ಅರಚುತ್ತಾನೆ. ಅಬ್ಬರಕ್ಕೂ ರಾಗಕ್ಕೂ ಇರುವ ಅಂತರವನ್ನು ಆ ಧರ್ಮಭಗಿನಿ ರಂಗದ ಮೇಲೆಯೇ ತೋರಿಸಿಕೊಟ್ಟರು. ಈ ಹಿಲ್ಡೆಗಾರ್ಡರನ್ನು 2012ರಲ್ಲಿ ಜಗದ್ಗುರು ಹದಿನಾರನೇ ಬೆನೆಡಿಕ್ಟರು ಧರ್ಮಸಭೆಯ ಆಚಾರ್ಯರ ಸಾಲಿಗೆ ಸೇರಿಸಿದರು.

ಇಲ್ಲೊಂದು ಮಾತನ್ನು ಗಮನಿಸಬೇಕು. ಯೇಸುಸ್ವಾಮಿ ಫರಿಸಾಯರನ್ನು "ಕಪಟಿಗಳೇ" ಎಂದು ಕರೆದ ಕಡೆಗಳಲ್ಲಿ, ಶುಭಸಂದೇಶದ ಗ್ರೀಕ್ ಮೂಲದಲ್ಲಿರುವ ಪದ ‘ಹಿಪೊಕ್ರಿತೆಸ್’. ಆ ಕಾಲದ ಗ್ರೀಕರಲ್ಲಿ ಅದಕ್ಕೆ ನಟ ಎಂಬ ಅರ್ಥವೂ ಇತ್ತು. ಹಾಗಾದರೆ ಸ್ವಾಮಿ ನಟರನ್ನು ಖಂಡಿಸಿದರೇ? ಇಲ್ಲ. ನಟನು ಮುಖವಾಡ ಹಾಕಿದ್ದಾನೆಂದು ಅವನಿಗೂ ಗೊತ್ತು, ನೋಡುವವರಿಗೂ ಗೊತ್ತು. ಪರದೆ ಬಿದ್ದೊಡನೆ ಅವನು ಅದನ್ನು ತೆಗೆದಿಟ್ಟು ಮನೆಗೆ ಹೋಗುತ್ತಾನೆ. ಕಪಟಿಯ ನಾಟಕಕ್ಕಾದರೋ ಪರದೆಯೇ ಇಲ್ಲ. ಅವನು ಬೀದಿಯಲ್ಲೂ ಮುಖವಾಡ ಹಾಕುತ್ತಾನೆ, ದೇವಾಲಯದಲ್ಲೂ ಹಾಕುತ್ತಾನೆ, ಕೊನೆಗೆ ತನ್ನ ಮುಖ ಯಾವುದೆಂಬುದನ್ನೇ ಮರೆಯುತ್ತಾನೆ. ಸ್ವಾಮಿಯ ಖಂಡನೆ ಇಂಥವನಿಗೆ. ಸೋಜಿಗದ ಸಂಗತಿಯೆಂದರೆ, ರಂಗದ ಮುಖವಾಡಕ್ಕೆ ಲತೀನ್ ಭಾಷೆಯಲ್ಲಿದ್ದ ‘ಪೆರ್ಸೋನಾ’ ಎಂಬ ಪದವನ್ನೇ ನಮ್ಮ ಧರ್ಮಸಭೆ ತ್ರಿಯೇಕ ದೇವರ ಮೂರು ವ್ಯಕ್ತಿಗಳನ್ನು ಹೆಸರಿಸಲು ಬಳಸಿಕೊಂಡಿತು. ರಂಗದಿಂದ ಬಂದ ಪದಕ್ಕೆ ದೇವಶಾಸ್ತ್ರ ತನ್ನ ಗರ್ಭಗುಡಿಯಲ್ಲಿ ಜಾಗ ಕೊಟ್ಟಿದೆ!

ಆದ್ದರಿಂದ ನಿಮ್ಮ ಮಗಳು ಬಣ್ಣ ಹಚ್ಚುವುದರಿಂದಲೇ ಕೆಡುವುದಿಲ್ಲ. ಕೆಡಿಸುವ ಸಂಗತಿಗಳು ಬೇರೆ ಇವೆ, ಅವುಗಳಿಗೆ ಮುಂದೆ ಬರುತ್ತೇನೆ.

ಅನ್ನದ ಮಾತು

ಎರಡನೆಯ ಭಯ ಹೆಚ್ಚು ನಿಜವಾದದ್ದು. ಸಂಗೀತ ನಾಟಕವನ್ನು ದೊಡ್ಡ ಉದ್ಯಮವಾಗಿ ಬೆಳೆಸಿದ ನ್ಯೂಯಾರ್ಕಿನ ಬ್ರಾಡ್‌ವೇಯನ್ನೇ ತೆಗೆದುಕೊಳ್ಳಿ. ಅಲ್ಲಿ ವಾರಕ್ಕೆ ಎಂಟು ಪ್ರದರ್ಶನ, ಒಂದು ದಿನ ರಜೆ. ಮಧ್ಯಾಹ್ನ ಒಂದು, ಸಂಜೆ ಒಂದು ಎಂದು ಒಂದೇ ದಿನ ಎರಡು ಬಾರಿ ಹಾಡಿ, ಕುಣಿದು, ಅಭಿನಯಿಸುವ ದಿನಗಳಿರುತ್ತವೆ. ಗಂಟಲು ಕಟ್ಟಬಾರದು, ಕಾಲು ಉಳುಕಬಾರದು. ಹೀಗೆ ದುಡಿಯುತ್ತಿರುವಾಗಲೇ ಟಿಕೆಟ್ ಮಾರಾಟ ಇಳಿಯಿತೆಂದರೆ ನಾಟಕ ನಿಲ್ಲುತ್ತದೆ, ಕೆಲಸವೂ ನಿಲ್ಲುತ್ತದೆ. ಆಮೇಲೆ ಮತ್ತೆ ಆಡಿಷನ್‌ನ ಸರದಿ, ಮತ್ತೆ "ಬೇಡ" ಎಂಬ ಉತ್ತರ. 2020ರ ಮಾರ್ಚ್ 12ರಂದು ಕೋವಿಡ್ ಕಾರಣ ಬ್ರಾಡ್‌ವೇ ಬಾಗಿಲು ಹಾಕಿದಾಗ, ದೊಡ್ಡ ಸಂಗೀತ ನಾಟಕಗಳು ಮತ್ತೆ ಪರದೆ ಎತ್ತಲು ಸುಮಾರು ಒಂದೂವರೆ ವರ್ಷ ಬೇಕಾಯಿತು. ಹೆಸರು ಮಾಡಿದವರೂ ಆಗ ಮನೆಯಲ್ಲಿ ಕುಳಿತರು.

ನಮ್ಮ ನಾಡಿನಲ್ಲೂ ಈ ವೃತ್ತಿಗೆ ಹಳೆಯ ಬೇರಿದೆ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಂಥ ನಾಟಕ ಕಂಪನಿಗಳಲ್ಲಿ ಹಾಡಲು ಬಾರದವನಿಗೆ ದೊಡ್ಡ ಪಾತ್ರ ಸಿಗುವುದೇ ಕಷ್ಟವಾಗಿತ್ತು. ಮೈಕು ಇಲ್ಲದ ಕಾಲದಲ್ಲಿ, ಹಾರ್ಮೋನಿಯಂ ಶ್ರುತಿಗೆ, ಕೊನೆಯ ಸಾಲಿನವನಿಗೂ ಕೇಳುವಂತೆ ಹಾಡಬೇಕಿತ್ತು. ಜನ "ಒನ್ಸ್ ಮೋರ್" ಎಂದು ಕೂಗಿದರೆ ಸತ್ತು ಬಿದ್ದ ಪಾತ್ರವೂ ಎದ್ದು ಇನ್ನೊಮ್ಮೆ ಹಾಡಿ ಸಾಯಬೇಕಿತ್ತು ಎಂದು ಹಿರಿಯರು ನಗುತ್ತಾ ಹೇಳುತ್ತಾರೆ! ಸಿನಿಮಾ, ಟೀವಿ ಬಂದ ಮೇಲೆ ಬಹುತೇಕ ಕಂಪನಿಗಳು ಮುಚ್ಚಿದವು. ಬಾದಾಮಿಯ ಬನಶಂಕರಿ ಜಾತ್ರೆಯಂಥ ಕಡೆ ಇಂದಿಗೂ ಟೆಂಟು ಹಾಕುವ ಕಂಪನಿಗಳು ಕೆಲವೇ.

ಆದರೆ ದಾರಿ ಪೂರ್ತಿ ಮುಚ್ಚಿಲ್ಲ. ಹೆಗ್ಗೋಡಿನ ನೀನಾಸಂ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನು ತೆರೆಯಿತು. ಮೈಸೂರಿನಲ್ಲಿ 1989ರಲ್ಲಿ ರಂಗಾಯಣ ಆರಂಭವಾಯಿತು. ರಾಷ್ಟ್ರೀಯ ನಾಟಕ ಶಾಲೆಯ ಕೇಂದ್ರವೊಂದು ಬೆಂಗಳೂರಿನಲ್ಲಿದೆ. ಹೀಗೆ ಕಲಿತವರಲ್ಲಿ ಕೆಲವರು ತಿರುಗಾಟದ ತಂಡ ಸೇರುತ್ತಾರೆ, ಕೆಲವರು ಶಾಲೆಗಳಲ್ಲಿ ನಾಟಕ ಕಲಿಸುತ್ತಾರೆ, ಕೆಲವರು ಧಾರಾವಾಹಿಗಳಿಗೆ ಧ್ವನಿ ಕೊಡುತ್ತಾರೆ. ಒಂದೇ ಬಾವಿಯ ನೀರನ್ನು ನಂಬದೆ ನಾಲ್ಕು ಕಡೆಯಿಂದ ಕೊಡ ತುಂಬಿಕೊಳ್ಳುವ ಬದುಕು ಅದು. ಸುಲಭವಲ್ಲ, ಅಸಾಧ್ಯವೂ ಅಲ್ಲ.

ಬಿ.ವಿ. ಕಾರಂತರನ್ನು ನೆನೆಯಿರಿ. ದಕ್ಷಿಣ ಕನ್ನಡದ ಹಳ್ಳಿಯಿಂದ ಓಡಿಬಂದ ಹುಡುಗ ಗುಬ್ಬಿ ಕಂಪನಿಯ ಬಾಗಿಲಿಗೆ ಬಂದ. ಗುಬ್ಬಿ ವೀರಣ್ಣನವರು ಅವನನ್ನು ಕೇವಲ ದುಡಿಸಿಕೊಳ್ಳಲಿಲ್ಲ, ಓದಲೆಂದು ಬನಾರಸಿಗೆ ಕಳಿಸಿದರು. ಅಲ್ಲಿ ಅವನು ಎಂ.ಎ. ಮಾಡಿದ, ಹಿಂದೂಸ್ತಾನಿ ಸಂಗೀತವನ್ನೂ ಕಲಿತ. ಮುಂದೆ ಅದೇ ಹುಡುಗ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕನಾದ, ಮೈಸೂರು ರಂಗಾಯಣವನ್ನು ಕಟ್ಟಿದ, ಕನ್ನಡ ರಂಗಭೂಮಿಗೆ ಹೊಸ ಹಾಡಿನ ದನಿ ಕೊಟ್ಟ. "ಓದು ಬೇಕೋ, ಕಲೆ ಬೇಕೋ?" ಎಂದು ಕೇಳುವ ತಂದೆತಾಯಿಗಳೇ, ನಾಟಕ ಕಂಪನಿಯ ಮಾಲೀಕರೊಬ್ಬರು ಎರಡೂ ಬೇಕೆಂದು ಉತ್ತರ ಕೊಟ್ಟಿದ್ದಾರೆ.

ಇಬ್ಬರು ನಿಂತಿದ್ದರು

ಈಗ ಈ ವೃತ್ತಿಯ ನಡುಗಂಬಕ್ಕೆ ಬರೋಣ. ಹಾಡುವ ನಟನ ಬದುಕಿನಲ್ಲಿ ಅತಿ ಕಷ್ಟದ್ದು ಹಸಿವೂ ಅಲ್ಲ, ದಣಿವೂ ಅಲ್ಲ. ಅತಿ ಕಷ್ಟದ್ದು, ಆಯ್ಕೆಯಾಗದಿರುವುದು. ಹೊಲಿದ ಬಟ್ಟೆ ಚೆನ್ನಾಗಿಲ್ಲವೆಂದರೆ ದರ್ಜಿಗೆ ಬೇಸರವಾಗುತ್ತದೆ. ಆದರೆ ಹಾಡುಗಾರ ನಟನು ಮಾರಾಟಕ್ಕಿಡುವುದು ತನ್ನ ದನಿಯನ್ನು, ಮುಖವನ್ನು, ಮೈಯನ್ನು. "ನೀನು ಬೇಡ" ಎಂದರೆ ತನ್ನನ್ನೇ ಬೇಡವೆಂದ ಹಾಗೆ ಅವನಿಗೆ ಕೇಳಿಸುತ್ತದೆ. ಎಷ್ಟೋ ಯುವಜನರು ಒಳಗೊಳಗೇ ಮುರಿಯುವುದು ಇಲ್ಲಿ.

ಪ್ರೇಷಿತರ ಕಾರ್ಯಕಲಾಪಗಳ ಮೊದಲ ಅಧ್ಯಾಯವನ್ನು ಈ ಕಣ್ಣಿನಿಂದ ಓದಿ ನೋಡಿ. ಯೂದನ ಸ್ಥಾನ ತೆರವಾಗಿದೆ. ಹನ್ನೆರಡರಲ್ಲಿ ಒಂದು ಜಾಗ ತುಂಬಬೇಕು. ಪೇತ್ರನು ಒಂದು ಅರ್ಹತೆಯನ್ನು ಮುಂದಿಡುತ್ತಾನೆ: ಯೊವಾನ್ನನ ಸ್ನಾನದೀಕ್ಷೆಯ ದಿನದಿಂದ ಪ್ರಭು ಸ್ವರ್ಗಕ್ಕೇರುವ ತನಕ ಉದ್ದಕ್ಕೂ ಜೊತೆಗಿದ್ದವನಾಗಿರಬೇಕು. ಇಬ್ಬರು ನಿಲ್ಲುತ್ತಾರೆ. ಒಬ್ಬ ಮತ್ತೀಯ, ಇನ್ನೊಬ್ಬ ಯುಸ್ತನೆಂಬ ಅಡ್ಡಹೆಸರಿನ, ಬಾರ್ಸಬ್ಬನೆನಿಸಿಕೊಂಡ ಜೋಸೆಫ್. ಪ್ರಾರ್ಥಿಸಿ ಚೀಟಿ ಹಾಕುತ್ತಾರೆ. ಚೀಟಿ ಮತ್ತೀಯನ ಹೆಸರಿಗೆ ಬೀಳುತ್ತದೆ.

ನಾವು ಸಾಮಾನ್ಯವಾಗಿ ಮತ್ತೀಯನನ್ನು ನೋಡುತ್ತೇವೆ. ಅವನಲ್ಲೂ ಕಲಿಯುವುದಿದೆ. ಅವನು ಬದಲಿಯಾಗಿ ಬಂದವನು. ಮೂರು ವರ್ಷ ಹನ್ನೆರಡರ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ, ಆದರೂ ಅವನು ಜೊತೆಯಲ್ಲಿದ್ದ, ಕೇಳಿದ, ನೋಡಿದ. ಕರೆ ಬಂದ ದಿನ ಹೊಸದಾಗಿ ಕಲಿಯುವುದಕ್ಕೆ ಕಾಲವಿರಲಿಲ್ಲ, ಕಲಿತದ್ದು ಆಗಲೇ ಒಳಗಿತ್ತು.

ಬ್ರಾಡ್‌ವೇಯಲ್ಲಿ ಇಂಥವರೇ ಒಂದು ವರ್ಗವಿದ್ದಾರೆ. ಅವರನ್ನು ‘ಸ್ವಿಂಗ್’ ಎನ್ನುತ್ತಾರೆ. ಒಬ್ಬರೇ ಹಲವು ಪಾತ್ರಗಳ ಹಾಡು, ಮಾತು, ಹೆಜ್ಜೆಗಳನ್ನು ಕಲಿತು, ತಮ್ಮದೆನ್ನುವ ಪಾತ್ರವಿಲ್ಲದೆ, ಪರದೆಯ ಹಿಂದೆ ಕಾಯುತ್ತಿರುತ್ತಾರೆ. 2021ರ ಡಿಸೆಂಬರಿನಲ್ಲಿ ‘ದಿ ಮ್ಯೂಸಿಕ್ ಮ್ಯಾನ್’ ಎಂಬ ಸಂಗೀತ ನಾಟಕದ ನಾಯಕಿ ಸಟನ್ ಫಾಸ್ಟರ್ ಅಸ್ವಸ್ಥರಾದರು. ಅಂದೇ ಸಂಜೆ ಕ್ಯಾಥಿ ವೋಯ್ಟ್‌ಕೊ ಎಂಬ ಸ್ವಿಂಗ್ ಕಲಾವಿದೆ ನಾಯಕಿಯಾಗಿ ರಂಗಕ್ಕೆ ಬಂದರು. ಆಟ ಮುಗಿದ ಮೇಲೆ ನಾಯಕ ಹ್ಯೂ ಜ್ಯಾಕ್‌ಮನ್ ಜನರ ಮುಂದೆ ನಿಂತು ಒಂದು ಮಾತು ಹೇಳಿದರು: ಆ ದಿನ ಕೆಲಸಕ್ಕೆ ಬಂದಾಗ ಆಕೆ ಎಂಟು ಪಾತ್ರಗಳಲ್ಲಿ ಯಾವುದನ್ನಾದರೂ ಮಾಡಬೇಕಾಗಿ ಬರಬಹುದಿತ್ತು, ಅದು ನಾಯಕಿಯದೇ ಆಯಿತು, ಇಂಥವರೇ ಬ್ರಾಡ್‌ವೇಯ ಅಡಿಪಾಯ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ನಮ್ಮ ಡಾ. ರಾಜ್‌ಕುಮಾರ್ ಅವರದೂ ಇಂಥದೇ ಕಥೆ. ತಂದೆಯವರ ಹಾಗೆ ತಾವೂ ಗುಬ್ಬಿ ಕಂಪನಿಯಲ್ಲಿ ಪಳಗಿದವರು. 1954ರಲ್ಲಿ ಸಿನಿಮಾ ನಾಯಕನಾದ ಮೇಲೆ, ಸುಮಾರು 20 ವರ್ಷ ತೆರೆಯ ಮೇಲೆ ಅವರ ತುಟಿಗೆ ಹೆಚ್ಚಾಗಿ ಪಿ.ಬಿ. ಶ್ರೀನಿವಾಸರ ದನಿಯಿತ್ತು. 1974ರ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ಅವರೇ ಹಾಡಿದಾಗ ನಾಡು ಬೆರಗಾಯಿತು. ಆ ದನಿ ಅಂದು ಹುಟ್ಟಿದ್ದಲ್ಲ. ಕಂಪನಿಯ ತಾಲೀಮಿನಲ್ಲಿ ಹುಟ್ಟಿ, ತಾಳ್ಮೆಯಿಂದ ಕಾದಿದ್ದ ದನಿ ಅದು.

ಆದರೆ ಈ ಎರಡು ಕಥೆಗಳಲ್ಲೇ ನಿಂತರೆ ನಾವು ಅರ್ಧ ಸತ್ಯವನ್ನು ಹೇಳಿದ ಹಾಗಾಗುತ್ತದೆ. "ಕಾಯಿ, ನಿನಗೂ ಕರೆ ಬರುತ್ತದೆ" ಎಂದು ಮಕ್ಕಳಿಗೆ ಭರವಸೆ ಕೊಡುವ ಹಕ್ಕು ನಮಗಿಲ್ಲ. ಕರೆ ಬರದ ಸ್ವಿಂಗ್‌ಗಳೂ ಇದ್ದಾರೆ. ಆದ್ದರಿಂದಲೇ ಬಾರ್ಸಬ್ಬನ ಕಡೆಗೂ ಕಣ್ಣು ತಿರುಗಿಸಬೇಕು. ಅವನೂ ಮೊದಲ ದಿನದಿಂದ ಜೊತೆಗಿದ್ದ. ಅವನ ಅರ್ಹತೆ ಒಂದು ಕೂದಲೆಳೆಯಷ್ಟೂ ಕಡಿಮೆಯಿರಲಿಲ್ಲ. ಎಲ್ಲರ ಮುಂದೆ ನಿಂತ, ಚೀಟಿ ಬೀಳಲಿಲ್ಲ. ಸುಮಾರು ನೂರಿಪ್ಪತ್ತು ಮಂದಿ ಸೇರಿದ್ದ ಆ ಸಭೆಯಿಂದ ಅವನು ಸಿಡುಕಿ ಎದ್ದು ಹೋದನೆಂದು ಎಲ್ಲೂ ಬರೆದಿಲ್ಲ. ಪವಿತ್ರಗ್ರಂಥ ಅವನ ಬಗ್ಗೆ ಮತ್ತೇನನ್ನೂ ಹೇಳುವುದಿಲ್ಲ. ಆದರೆ ಚೀಟಿ ಬೀಳದ್ದರಿಂದ ಅವನು ಪ್ರಭುವಿನೊಂದಿಗೆ ನಡೆದ ವರ್ಷಗಳು ಸುಳ್ಳಾದವೇ? ಅವನು ಕಂಡ ಪುನರುತ್ಥಾನ ಅಳಿಸಿಹೋಯಿತೇ?

ಮಗಳೇ, ಮಗನೇ, ನಿನಗೆ ನಾನು ಹೇಳಬೇಕೆಂದಿರುವುದು ಇದನ್ನೇ. ಪಾತ್ರ ಸಿಗುವುದು ಚೀಟಿಯ ಮಾತು. ಎತ್ತರ, ಬಣ್ಣ, ಆ ದಿನ ನಿರ್ದೇಶಕರ ಮನಸ್ಸು, ಎಷ್ಟೋ ಸಂಗತಿಗಳು ಅದರಲ್ಲಿ ಸೇರಿರುತ್ತವೆ. ನಿನ್ನ ಬೆಲೆ ಚೀಟಿಯ ಮಾತಲ್ಲ. ಅದು ನಿನ್ನ ದೀಕ್ಷಾಸ್ನಾನದ ದಿನವೇ ತೀರ್ಮಾನವಾಗಿದೆ, ಅದನ್ನು ಯಾವ ಆಡಿಷನ್ ಕೋಣೆಯೂ ತಿದ್ದಲಾರದು. ಇದನ್ನು ಗಟ್ಟಿಯಾಗಿ ನಂಬಿದವನು ಮಾತ್ರ ನೂರು ಸಲ "ಬೇಡ" ಎನಿಸಿಕೊಂಡು ನೂರೊಂದನೆಯ ಸಲ ನಗುಮುಖದಿಂದ ಹಾಡಬಲ್ಲ.

ಏನು ಮಾಡೋಣ?

ಯುವಜನರೇ, ದಿನಾ ಬೆಳಗ್ಗೆ ಶ್ರುತಿ ಹಿಡಿದು ಅಭ್ಯಾಸ ಮಾಡದವನು "ನನಗೆ ದೇವರು ಕೊಟ್ಟ ಕಂಠವಿದೆ" ಎನ್ನುವುದು, ಹೂತಿಟ್ಟ ನಾಣ್ಯವನ್ನು ತೋರಿಸಿದ ಆ ಸೇವಕನ ಮಾತಿನಂತೆಯೇ. ಹಾಡು, ಅಭಿನಯ, ನೃತ್ಯ, ಮೂರನ್ನೂ ಗುರುಮುಖೇನ ಕಲಿಯಿರಿ. ಜೊತೆಗೆ ಪದವಿಯನ್ನೋ ಒಂದು ಕೈಕೆಲಸವನ್ನೋ ಮುಗಿಸಿಕೊಳ್ಳಿ. ಅದರಿಂದ ಕಲೆಗೆ ಅವಮಾನವಿಲ್ಲ. ಸಂತ ಪೌಲರು ಗುಡಾರ ಹೊಲಿದು ಹೊಟ್ಟೆ ಹೊರೆದುಕೊಂಡು ಶುಭಸಂದೇಶ ಸಾರಿದರು. ಕರಾರು ಪತ್ರವನ್ನು ಓದದೆ ಸಹಿ ಹಾಕಬೇಡಿ. ಪಾತ್ರ ಕೊಡಿಸುತ್ತೇನೆಂದು ಹಣವನ್ನೋ ಮಾನವನ್ನೋ ಕೇಳುವವರು ಎದುರಾದರೆ, ಪಾತ್ರವನ್ನು ಅಲ್ಲೇ ಬಿಟ್ಟು ಎದ್ದು ಬನ್ನಿ, ಮನೆಯವರಿಗೆ ತಿಳಿಸಿ, ಕಾನೂನಿನ ನೆರವು ಪಡೆಯಿರಿ. ನಾನು ಮೇಲೆ ಹೇಳಿದ ‘ಕೆಡಿಸುವ ಸಂಗತಿ’ ಇದೇ. ತಪ್ಪು ಕೇಳಿದವನದು, ಎದ್ದು ಬಂದವಳದಲ್ಲ.

ತಂದೆತಾಯಿಗಳೇ, ನಿಮ್ಮ ಮಗಳು ಇಂಥ ಸುದ್ದಿಯನ್ನು ಹೊತ್ತು ಮನೆಗೆ ಬಂದ ದಿನ "ನಾನು ಆಗಲೇ ಹೇಳಿರಲಿಲ್ಲವೇ?" ಎಂದು ಅನ್ನಬೇಡಿ. ಹಾಗೆ ಅಂದರೆ ಮುಂದಿನ ಸಲ ಅವಳು ನಿಮ್ಮ ಬಳಿ ಬರುವುದಿಲ್ಲ. ಒಂದು ಗಡುವನ್ನು ಜೊತೆಗೆ ಕುಳಿತು ಮಾತಾಡಿ: ಇಷ್ಟು ವರ್ಷ ಕಲಿಕೆ, ಇಷ್ಟು ವರ್ಷ ಪ್ರಯತ್ನ, ಆಮೇಲೆ ಮತ್ತೆ ಕೂತು ಯೋಚಿಸೋಣ ಎಂದು. ಅವಳಿಗೆ ಕೇವಲ ಗುಂಪಿನಲ್ಲಿ ಹಾಡುವ ಪಾತ್ರ ಸಿಕ್ಕಿದಾಗಲೂ ಟಿಕೆಟ್ ಕೊಂಡು ಹೋಗಿ ನೋಡಿ. ಜಗದ್ಗುರು ಎರಡನೇ ಜಾನ್ ಪಾಲರು ಯುವಕರಾಗಿದ್ದಾಗ, 1941ರಲ್ಲಿ, ನಾಜಿಗಳ ಆಳ್ವಿಕೆಯಲ್ಲಿದ್ದ ಕ್ರಾಕೋವ್ ನಗರದಲ್ಲಿ ಗುಟ್ಟಾಗಿ ನಾಟಕವಾಡುತ್ತಿದ್ದ ತಂಡವೊಂದರ ನಟರಾಗಿದ್ದರು. 1999ರಲ್ಲಿ ಕಲಾವಿದರಿಗೆ ಬರೆದ ಪತ್ರದಲ್ಲಿ ಅವರು, ಎಲ್ಲರೂ ಕಲಾವಿದರಾಗಲು ಕರೆಯಲ್ಪಟ್ಟಿಲ್ಲ, ಆದರೆ ತನ್ನ ಬದುಕನ್ನೇ ಒಂದು ಕಲಾಕೃತಿಯಾಗಿ ರೂಪಿಸುವ ಹೊಣೆ ಎಲ್ಲರ ಮೇಲೂ ಇದೆ ಎಂಬ ವಿಚಾರವನ್ನು ಮುಂದಿಟ್ಟರು. ನಿಮ್ಮ ಮಗಳು ನಾಯಕಿಯಾದಾಳೋ ಇಲ್ಲವೋ ನಾವು ಬಲ್ಲವರಲ್ಲ. ಪ್ರಾಮಾಣಿಕಳಾದ, ದುಡಿಯುವ, ಪ್ರಾರ್ಥಿಸುವ ಹೆಣ್ಣುಮಗಳಾಗುವಂತೆ ನೋಡಿಕೊಳ್ಳುವುದು ನಿಮ್ಮ ಕೈಯಲ್ಲಿದೆ.

ಇನ್ನು ಧರ್ಮಕೇಂದ್ರದ ನಾವೆಲ್ಲರೂ. ನ್ಯೂಯಾರ್ಕಿನ ರಂಗಮಂದಿರಗಳ ನಡುವೆ ಸಂತ ಮಲಾಕಿ ದೇವಾಲಯವಿದೆ. 1902ರಲ್ಲಿ ಆರಂಭವಾದ ಆ ಧರ್ಮಕೇಂದ್ರದ ಗುರುಗಳು, ತಮ್ಮ ಜನರಲ್ಲಿ ನಟರೂ ಹಾಡುಗಾರರೂ ಹೆಚ್ಚೆಂದು ಕಂಡು, 1920ರಲ್ಲಿ ನಟರಿಗಾಗಿ ಒಂದು ಪ್ರಾರ್ಥನಾಲಯವನ್ನೇ ಕಟ್ಟಿಸಿದರು. ರಾತ್ರಿಯ ಕೆಲಸ ಮುಗಿಸಿ ಬರುವವರಿಗೆ ಅನುಕೂಲವಾಗಲೆಂದು ನಸುಕಿನ ನಾಲ್ಕು ಗಂಟೆಗೂ ಬಲಿಪೂಜೆ ನಡೆಯುತ್ತಿತ್ತು. "ಭಾನುವಾರ ದೇವಾಲಯಕ್ಕೆ ಬರದವರು" ಎಂದು ಅವರು ಬೆರಳು ತೋರಿಸಲಿಲ್ಲ, ಗಂಟೆಯ ಹೊತ್ತನ್ನು ಬದಲಿಸಿದರು. ಮೋಲಿಯೇರನನ್ನು ಕತ್ತಲಲ್ಲಿ ಮಣ್ಣು ಮಾಡಿದ ಧರ್ಮಸಭೆಯೇ ಇಲ್ಲಿ ಕತ್ತಲು ಹರಿಯುವ ಮೊದಲೇ ಎದ್ದು ನಟರಿಗಾಗಿ ದೀಪ ಹಚ್ಚಿತು. ನಮ್ಮ ಊರಿನಿಂದ ತಂಡದೊಂದಿಗೆ ತಿರುಗಾಟಕ್ಕೆ ಹೋಗಿರುವ ಹುಡುಗನನ್ನು ನಾವು ಎಷ್ಟು ಮಂದಿ ವಿಚಾರಿಸಿದ್ದೇವೆ? ಹಬ್ಬಕ್ಕೆ ಹಾಡಲು ಕರೆದು, ಅದು ಅವನ ಹೊಟ್ಟೆಪಾಡೆಂಬುದನ್ನು ಮರೆತು, ಕೈಗೊಂದು ಹಾರ ಕೊಟ್ಟು ಕಳಿಸುವುದು ಸಾಕೇ? ದುಡಿಯುವವನು ಕೂಲಿಗೆ ಪಾತ್ರನೆಂದು ಹೇಳಿದ್ದು ಯೇಸುಸ್ವಾಮಿಯೇ.

ಮತ್ತೀಯನ ಹಬ್ಬವನ್ನು ಧರ್ಮಸಭೆ ಮೇ 14ರಂದು ಆಚರಿಸುತ್ತದೆ. ಚೀಟಿ ಬೀಳದ ಬಾರ್ಸಬ್ಬನನ್ನೂ ಅದು ಮರೆತಿಲ್ಲ. ರೋಮಿನ ಸಂತರ ಪಟ್ಟಿಯಲ್ಲಿ ಜುಲೈ 20ರಂದು ಅವನ ಸ್ಮರಣೆಯಿದೆ. ಆ ದಿನ ನಿಮ್ಮ ಮನೆಯ ಜಪಸರ ಪ್ರಾರ್ಥನೆಯಲ್ಲಿ, ಎಲ್ಲೋ ಒಂದು ಕೋಣೆಯ ಹೊರಗೆ ತನ್ನ ಹೆಸರು ಕರೆಯುವುದನ್ನು ಕಾಯುತ್ತಾ ಮೆಲ್ಲಗೆ ಶ್ರುತಿ ಹಿಡಿಯುತ್ತಿರುವ ಮಗುವೊಂದಕ್ಕಾಗಿ ಒಂದು ನಮೋ ಮರಿಯಾ ಹೇಳಿ. ಆ ಮಗು ನಿಮ್ಮದೇ ಆಗಿದ್ದರೆ, ಸಂಜೆ ಫೋನು ಮಾಡಿ. ಪಾತ್ರ ಸಿಕ್ಕಿತೇ ಎಂದು ಕೇಳುವ ಮೊದಲು, ಊಟವಾಯಿತೇ ಎಂದು ಕೇಳಿ.

ಪ್ರಭುವಿನ ಶಾಂತಿ ನಿಮ್ಮೆಲ್ಲರೊಂದಿಗಿರಲಿ.